ಕಟ್ಟೆಯೊಳಗೆ ನಿಂತ ಮನುಷ್ಯ

ನಾನು ಮಾಡಿದ ಕಿಟಕಿಗಳು ಈ ಊರಿನಲ್ಲಿ ಕಡಿಮೆಯೆಂದರೂ ನಾಲ್ಕು ಸಾವಿರ ಇರಬಹುದು. ಅವುಗಳಲ್ಲಿ ಒಂದನ್ನೂ ನಾನು ಕೈಯಿಂದ ಮುಟ್ಟಿಲ್ಲ. ದಿನಾ ತೆಗೆದು ಮುಚ್ಚುವ ಕಿಟಕಿ ಎಂದರೆ ನಮ್ಮ ಅಡುಗೆಮನೆಯದು ಒಂದೇ. ಅದನ್ನೂ ಕೈಯಿಂದ ಮುಟ್ಟಿಲ್ಲ. ಸೌಟಿನಿಂದ ತೆಗೆಯುತ್ತೇನೆ.

ಉದ್ದ ಸೌಟಿನ ಹಿಂದಿನ ತುದಿಯನ್ನು ಗೋಡೆಗೆ ನೇತುಹಾಕಲೆಂದು ಕೊಕ್ಕೆಯ ಹಾಗೆ ಬಾಗಿಸಿರುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಕೊಕ್ಕೆ ಇರುವುದು ಕಿಟಕಿಗೆ. ಕಟ್ಟೆಗೆ ಹೊಟ್ಟೆ ಒತ್ತಿ, ಹಿಮ್ಮಡಿ ಎತ್ತಿ, ಉಸಿರು ಬಿಗಿಹಿಡಿದು ಕೊಕ್ಕೆಯನ್ನು ಕಿಟಕಿಯ ಹಿಡಿಕೆಗೆ ಸಿಕ್ಕಿಸಿ ಜಗ್ಗಿದರೆ ಅದು ಟಕ್ಕೆಂದು ತಿರುಗುತ್ತದೆ. ಆಮೇಲೆ ಸೌಟನ್ನು ಉಲ್ಟಾ ಹಿಡಿದು ಅದರ ಬಟ್ಟಲಿನಿಂದ ಕದವನ್ನು ಹೊರಕ್ಕೆ ತಳ್ಳಬೇಕು. ಅವಸರದಲ್ಲಿ ಸೌಟು ತೊಳೆಯದಿದ್ದರೆ ಅವತ್ತಿನ ಅಡುಗೆಯ ಮೊದಲ ತುತ್ತು ಗಾಜಿಗೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ಅತ್ತೆ. ನಾನು ಈ ಮನೆಗೆ ಬಂದು ವಾರವೂ ಆಗಿರಲಿಲ್ಲ. ಈರುಳ್ಳಿ ಹುರಿಯುವ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಕಿಟಕಿಯ ಕಡೆ ಕೈಚಾಚಿ ಗಾಳಿಯಲ್ಲಿ ಈಜಾಡುತ್ತಿದ್ದೆ. ಅತ್ತೆ ಹಿಂದಿನಿಂದ ಬಂದು ಕೈಗೆ ಸೌಟು ಕೊಟ್ಟರು.

"ಗಿಡ್ಡದ್ದು ಬಡಿಸೋಕೆ, ಉದ್ದದ್ದು ಕಿಟಕಿಗೆ. ನೆನಪಿಟ್ಕೋ" ಎಂದರು. ಸೊಸೆಗೆ ಅತ್ತೆ ಕೊಡುವುದು ಬೀಗದ ಕೈ ಎಂದು ಕೇಳಿದ್ದೆ. ನನಗೆ ಬಂದದ್ದು ಇದು.

ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಅಲ್ಲಿಂದ ನಿವೃತ್ತಿಯಾಗಿ ಪೆನ್ಶನ್ ಬಂತು. ಅಡುಗೆಮನೆಯಿಂದ ಎರಡೂ ಬರಲಿಲ್ಲ. ಬೆಳಗಿನ ಅಡುಗೆ ನನ್ನದು, ಸಂಜೆಯದು ಅವರದು ಎಂದು ಹಂಚಿಕೊಂಡಿದ್ದೇವೆ. ನಮ್ಮವರದು 'ಸಹಾಯ'. ಸಹಾಯ ಎಂದರೆ, ಕೇಳಿದರೆ ಮಾಡುವುದು, ಮಾಡಿದ್ದನ್ನು ಆಮೇಲೆ ಹೇಳುವುದು.

ನನ್ನ ಕೆಲಸ ಏನೆಂದು ನೆಂಟರಿಗೆ ಹೇಳುವುದು ಕಷ್ಟ. ಕಟ್ಟಡಗಳ ನಕ್ಷೆ ಮಾಡುವ ಆಫೀಸು ನಮ್ಮದು. ಆದರೆ ನಾನು ಆರ್ಕಿಟೆಕ್ಟ್ ಅಲ್ಲ. ಅವರು ಕಂಪ್ಯೂಟರಿನಲ್ಲಿ ಮನೆ ಕಟ್ಟುವಾಗ ಗೋಡೆಗೆ ತಂದು ಹಚ್ಚುವ ಕಿಟಕಿಯನ್ನು ಮೊದಲೇ ಮಾಡಿಡುವವಳು.

"ಕಿಟಕಿ ದೊಡ್ಡದು ಚಿಕ್ಕದು ಮಾಡ್ತೀನಿ" ಎಂದು ಒಮ್ಮೆ ನಮ್ಮ ಸೋದರತ್ತೆಗೆ ಹೇಳಿದೆ.

"ಬಡಗಿ ಕೆಲಸಾನಾ?"

"ಅಲ್ಲತ್ತೆ, ಕಂಪ್ಯೂಟರ್‌ನಲ್ಲಿ."

"ಓ, ಆಟ" ಎಂದು ಅವರು ಸಮಾಧಾನಪಟ್ಟುಕೊಂಡರು.

ಆಟವೇನೂ ಅಲ್ಲ. ಕಂಪ್ಯೂಟರಿನಲ್ಲಿ ಒಂದು ಕಿಟಕಿಯ ಚಿತ್ರ ಬರೆದು, ಅದರ ಮೂಲೆ ಹಿಡಿದು ಎಳೆದರೆ ಎಲ್ಲವೂ ರಬ್ಬರಿನ ಹಾಗೆ ಹಿಗ್ಗುತ್ತದೆ. ಗಾಜು ದೊಡ್ಡದಾಗುತ್ತದೆ, ಸರಿ. ಜೊತೆಗೆ ಚೌಕಟ್ಟೂ ಕಂಬದಷ್ಟು ದಪ್ಪವಾಗುತ್ತದೆ, ಹಿಡಿಕೆ ಹಾರೆಯಷ್ಟು ಉದ್ದವಾಗುತ್ತದೆ. ನಾನು ಮಾಡಿದ ಮೊದಲ ಕಿಟಕಿಯನ್ನು ಎಂಟಡಿಗೆ ಎಳೆದು ನೋಡಿದ ನಮ್ಮ ಆಫೀಸಿನ ಯಜಮಾನರು, "ಇದನ್ನ ತೆಗೆಯೋಕೆ ಇಬ್ಬರು ಪೈಲ್ವಾನರು ಬೇಕಲ್ಲಮ್ಮಾ" ಎಂದಿದ್ದರು. ಅವರನ್ನು ಎಲ್ಲರೂ ದೊಡ್ಡವರು ಎನ್ನುತ್ತೇವೆ.

ಹಾಗಾಗದಿರಬೇಕಾದರೆ ಕಿಟಕಿಯ ಒಂದೊಂದು ಅಂಗಕ್ಕೂ ಬೇರೆಬೇರೆಯಾಗಿ ಬುದ್ಧಿ ಹೇಳಬೇಕು. ಏ ಚೌಕಟ್ಟೇ, ಯಾರು ಎಷ್ಟೇ ಎಳೆದರೂ ನಿನ್ನ ದಪ್ಪ ಐವತ್ತು ಮಿಲಿಮೀಟರು. ಏ ಗಾಜೇ, ಎರಡು ಕಡೆಯ ಚೌಕಟ್ಟು ಕಳೆದು ಉಳಿದದ್ದೆಲ್ಲ ನಿನ್ನದು. ಏ ಹಿಡಿಕೆಯೇ, ನೀನು ಬೆಳೆಯಬೇಡ, ಎತ್ತರದ ನಟ್ಟನಡುವೆ ನಿಲ್ಲು. ಒಂದೊಂದಕ್ಕೂ ಒಂದೊಂದು ಲೆಕ್ಕದ ಸಾಲು. ಹೀಗೆ ಬುದ್ಧಿ ಕಲಿತ ಕಿಟಕಿಗೆ ಕಾಂಪೊನೆಂಟ್ ಎನ್ನುತ್ತಾರೆ.

ಇದನ್ನೆಲ್ಲ ಒಂದು ದಿನ ಊಟವಾದ ಮೇಲೆ ನಮ್ಮವರಿಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ಈ ಮನೇಲಿ ನೀನು ಗಾಜು, ನಾವೆಲ್ಲ ಚೌಕಟ್ಟು" ಎಂದರು. ಕವಿಯೇ ಆಗಿಬಿಟ್ಟರು. ನಾನಾಗ ಅವರ ತಟ್ಟೆ ತೊಳೆಯುತ್ತಿದ್ದೆ.

ಹನ್ನೊಂದು ವರ್ಷ ಇಂಥ ಕಿಟಕಿಗಳನ್ನು ಮಾಡಿದ ಮೇಲೆ ಈ ವರ್ಷ ನನ್ನ ತಲೆಗೆ ಒಂದು ದೊಡ್ಡಸ್ತಿಕೆ ಹೊಕ್ಕಿತು. ಹಾಲಿಗೊಂದು, ಮಲಗುವ ಕೋಣೆಗೊಂದು, ಅಡುಗೆಮನೆಗೊಂದು, ಬಚ್ಚಲಿಗೊಂದು ಎಂದು ಬೇರೆಬೇರೆ ಕಿಟಕಿ ಯಾಕೆ? ಒಂದೇ ಕಿಟಕಿ, ಎಳೆದ ಹಾಗೆ ಆಗಬೇಕು. ಉದ್ದಕ್ಕೆ ಎಳೆದರೆ ಹಾಲಿನದು, ಕುಗ್ಗಿಸಿ ಮೇಲಕ್ಕೇರಿಸಿದರೆ ಬಚ್ಚಲಿನ ಗವಾಕ್ಷಿ. ಮೂರು ತಿಂಗಳು ಅದೇ ಧ್ಯಾನ. ಲೆಕ್ಕದ ಒಂದು ಸಾಲು ಹೊಳೆದದ್ದು ಬಟ್ಟೆ ಒಣಗಿಸುವಾಗ, ಇನ್ನೊಂದು ಹಾಲು ಉಕ್ಕುವಾಗ. ಹಾಲು ಉಕ್ಕಿಯೇ ಹೋಯಿತು, ಸಾಲು ಉಳಿಯಿತು. ಒಲೆ ಒರೆಸಿದವರು ಅತ್ತೆ.

ಕಿಟಕಿ ಚೆನ್ನಾಗಿಯೇ ಬಂತು. ಆಗಷ್ಟೇ ಆಫೀಸಿಗೆ ತೊಂಬತ್ತಾರು ಮನೆಗಳ ಒಂದು ದೊಡ್ಡ ಕಟ್ಟಡದ ಕೆಲಸ ಬಂದಿತ್ತು. ಎಲ್ಲ ಕಿಟಕಿಯೂ ನನ್ನದೇ ಎಂದಾಯಿತು. ದೊಡ್ಡವರು ಎಲ್ಲರ ಮುಂದೆ ಅದನ್ನು ಎಳೆದು, ಕುಗ್ಗಿಸಿ, ಮತ್ತೆ ಎಳೆದು, "ನೋಡ್ರಪ್ಪ, ಎಷ್ಟು ಹಿಂಸೆ ಕೊಟ್ಟರೂ ಮಾನ ಬಿಡಲ್ಲ" ಎಂದು ಹೊಗಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಈ ನಕ್ಷೆಗಳು ಕಿಟಕಿ ವರ್ಕ್‌ಶಾಪಿಗೆ ಹೋಗಲಿ. ಶನಿವಾರ ಲೈಬ್ರರಿ ಮುಖ್ಯಸ್ಥರು ಯಾರು ಅಂತ ಹೇಳ್ತೀನಿ. ನೀವು ತಯಾರಾಗಿರಿ" ಎಂದರು.

ಲೈಬ್ರರಿ ಎಂದರೆ ಪುಸ್ತಕಗಳದಲ್ಲ. ಕಿಟಕಿ, ಬಾಗಿಲು, ಸಿಂಕು, ಮೆಟ್ಟಿಲು ಇವೆಲ್ಲ ಸಿದ್ಧವಾಗಿ ಕೂತಿರುವ ಕಂಪ್ಯೂಟರಿನ ಉಗ್ರಾಣ. ಅದರ ಮುಖ್ಯಸ್ಥೆ ಎಂದರೆ ಸ್ವಂತ ಕೋಣೆ, ಬಾಗಿಲ ಮೇಲೆ ಹೆಸರು. ಹನ್ನೊಂದು ವರ್ಷದಲ್ಲಿ ನನ್ನ ಹೆಸರು ಬರೆದ ಜಾಗವೆಂದರೆ ಆಫೀಸಿನ ಫ್ರಿಡ್ಜಿನಲ್ಲಿಡುವ ಡಬ್ಬಿ ಒಂದೇ. ನಾನು ಮನಸ್ಸಿನಲ್ಲೇ ಆ ಕೋಣೆಗೆ ಪರದೆ ಹಾಕಿ, ಪರದೆಯ ಬಣ್ಣವನ್ನೂ ಎರಡು ಸಲ ಬದಲಿಸಿದೆ. ಅದೇ ಕೋಣೆಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ನನ್ನ ಪಕ್ಕದ ಮೇಜಿನವನು. ಮೌಸ್ ಮುಟ್ಟದೆ ಕೀಲಿಗಳಲ್ಲೇ ಎಲ್ಲ ಕೆಲಸ ಮುಗಿಸುವುದರಿಂದ ಅವನಿಗೆ ಶಾರ್ಟ್‌ಕಟ್ ಎಂದು ಹೆಸರು. ಊಟವನ್ನೂ ಹಾಗೆಯೇ ಮುಗಿಸುತ್ತಾನೆ.

ಬುಧವಾರಗಳಂದು ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಅಂದರೆ ಎರಡೂ ಕೆಲಸ ಒಂದೇ ಮೇಜಿನ ಮೇಲೆ. ಆ ಬುಧವಾರ ಲ್ಯಾಪ್‌ಟಾಪಿನ ಎಡಗಡೆ ಬಿಡಿಸಿದ ಬಟಾಣಿ, ಬಲಗಡೆ ಸಿಪ್ಪೆ. ಅತ್ತೆ ಸಿಪ್ಪೆ ಒಯ್ಯಲು ಬಂದವರು ಕಂಪ್ಯೂಟರಿನ ಪರದೆ ನೋಡುತ್ತ ನಿಂತರು.

"ಇದೇ ಏನು ನಿನ್ನ ಪ್ರಸಿದ್ಧ ಕಿಟಕಿ?"

"ಹೂಂ ಅತ್ತೆ. ಇದು ಆ ಮನೆಗಳ ಅಡುಗೆಮನೆ. ಹೊರಗಿಂದ ಕಾಣೋದು."

"ಒಳಗಿಂದ ತೋರಿಸು. ಅಡುಗೆಮನೆಯನ್ನ ಹೊರಗಿಂದ ನೋಡೋಕೆ ನಾನೇನು ನಿನ್ನ ಗಂಡನಾ?"

ನಾನು ಚಿತ್ರವನ್ನು ತಿರುಗಿಸಿ ಒಳಗಿನಿಂದ ತೋರಿಸಿದೆ. ಕರಿಕಲ್ಲಿನ ಕಟ್ಟೆ, ಸಿಂಕು, ಒಲೆ, ಎದುರಿಗೆ ಎತ್ತರದ ನನ್ನ ಕಿಟಕಿ. ಬೆಳಕು ಹೆಚ್ಚು ಬರಲೆಂದು ಆರ್ಕಿಟೆಕ್ಟ್ ಅದನ್ನು ನಾಲ್ಕೂವರೆ ಅಡಿಗೆ ಎಳೆದಿದ್ದರು. ಚೌಕಟ್ಟು ದಪ್ಪವಾಗಿರಲಿಲ್ಲ, ಹಿಡಿಕೆ ಉದ್ದವಾಗಿರಲಿಲ್ಲ. ನಾನು ಶಹಬ್ಬಾಸ್‌ಗಿರಿಗೆ ಕಾದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದರು. "ಇವನ್ಯಾರೇ?"

ಅವನು ಅಳತೆಯವನು. ನಮ್ಮ ಆಫೀಸಿನ ಪ್ರತಿ ನಕ್ಷೆಯಲ್ಲೂ ಇರುತ್ತಾನೆ. ಐದಡಿ ಒಂಬತ್ತಿಂಚು ಎತ್ತರ, ನೀಲಿ ಅಂಗಿ, ಒಂದು ಕೈ ಮುಂದಕ್ಕೆ ಚಾಚಿದ ಗೊಂಬೆ ಮನುಷ್ಯ. ಬಾಗಿಲು ತಲೆಗೆ ತಾಗುತ್ತದೆಯೇ, ಸ್ವಿಚ್ಚು ಕೈಗೆಟಕುತ್ತದೆಯೇ ಎಂದು ನೋಡಬೇಕಾದಾಗ ಅವನನ್ನು ತಂದು ನಿಲ್ಲಿಸುತ್ತೇವೆ. ಅವನಿಗೆ ಎಟಕಿದರೆ ಲೋಕಕ್ಕೆ ಎಟಕಿದ ಹಾಗೆ. ಕಿಟಕಿಯ ಹಿಡಿಕೆಗೂ ಅವನ ಕೈ ಎಟಕಿತ್ತು. ನಾನೇ ನೋಡಿ ಸರಿ ಎಂದು ಗುರುತು ಹಾಕಿದ್ದೆ. ಇದನ್ನೆಲ್ಲ ಅತ್ತೆಗೆ ಹೇಳಿದೆ.

"ಅದು ಸರಿ. ಅವನು ಕಟ್ಟೆ ಒಳಗೆ ಯಾಕೆ ನಿಂತಿದ್ದಾನೆ?"

ನೋಡಿದೆ. ನಿಜ. ನೀಲಿ ಅಂಗಿಯವನು ಕಿಟಕಿಗೆ ಮೂಗು ತಾಗಿಸಿಕೊಂಡು, ಸೊಂಟದವರೆಗೆ ಕರಿಕಲ್ಲಿನಲ್ಲಿ ಹೂತುಕೊಂಡು, ಸಿಂಕಿಗೂ ಒಲೆಗೂ ನಡುವೆ ಕಟ್ಟೆಯನ್ನು ತೂರಿಕೊಂಡು ನಿಂತಿದ್ದ. ಹಿಡಿಕೆಯ ಮೇಲೆ ಕೈಯಿಟ್ಟು ಮುಗುಳ್ನಗುತ್ತಿದ್ದ. ಕಂಪ್ಯೂಟರಿನಲ್ಲಿ ಕಲ್ಲು ಯಾರನ್ನೂ ತಡೆಯುವುದಿಲ್ಲ. ಎಳೆದು ಬಿಟ್ಟಲ್ಲಿ ಮನುಷ್ಯ ನಿಲ್ಲುತ್ತಾನೆ. ನಾನು ಹೊರಗಿನಿಂದ, ಕಿಟಕಿಯ ಗಾಜಿನಲ್ಲಿ ಅವನ ಎದೆಯ ಮೇಲಿನ ಭಾಗವನ್ನಷ್ಟೇ ನೋಡುತ್ತ ಅವನನ್ನು ಎಳೆದು ನಿಲ್ಲಿಸಿದ್ದೆ. ಕೆಳಗೆ ಎರಡಡಿ ಅಗಲದ ಕಟ್ಟೆಯಿದೆ ಎಂಬುದು ನೆನಪಿಗೇ ಬಂದಿರಲಿಲ್ಲ.

ದಿನಾ ಅಂಥದೇ ಕಟ್ಟೆಗೆ ಹೊಟ್ಟೆ ಒತ್ತಿ ನಿಲ್ಲುವ ನನಗೆ.

ಅತ್ತೆಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ಅಡುಗೆಮನೇಲಿ ಗಂಡಸು ಇಷ್ಟು ಹೊತ್ತು ನಿಂತಿದ್ದನ್ನ ಇದೇ ಮೊದಲು ನೋಡ್ತಿರೋದು. ಅದೂ ಹುಗಿದು ನಿಲ್ಲಿಸಿದ್ದೀಯ ಪಾಪ, ಓಡಿಹೋಗದ ಹಾಗೆ."

"ಅತ್ತೆ, ನಗಬೇಡಿ. ಇದು ತೊಂಬತ್ತಾರು ಮನೆಗೆ ಹೋಗುತ್ತೆ."

"ಹೋಗ್ಲಿ ಬಿಡು. ಸೌಟು ಮಾರೋನು ಬದುಕ್ಕೊಳ್ತಾನೆ."

ಅವರು ಸಿಪ್ಪೆ ಎತ್ತಿಕೊಂಡು ಒಳಗೆ ಹೋದರು. ನಾನು ಗೊಂಬೆಯನ್ನು ಕಟ್ಟೆಯಿಂದ ಹೊರಗೆಳೆದು ಕಟ್ಟೆಯ ಮುಂದೆ ನಿಲ್ಲಿಸಿದೆ. ಐದಡಿ ಒಂಬತ್ತಿಂಚಿನ ಅವನ ಬೆರಳೇ ಹಿಡಿಕೆಗೆ ನಾಲ್ಕು ಬೆರಳು ಕಡಿಮೆ ಬಿತ್ತು. ಕಿಟಕಿ ಎತ್ತರವಾದಂತೆಲ್ಲ 'ನಟ್ಟನಡುವೆ ನಿಲ್ಲು' ಎಂದು ನಾನು ಕಲಿಸಿದ ಹಿಡಿಕೆ ವಿಧೇಯವಾಗಿ ಮೇಲೇರಿ ನೆಲದಿಂದ ಐದೂಮುಕ್ಕಾಲು ಅಡಿಯಲ್ಲಿ ಕೂತಿತ್ತು. ನಮ್ಮ ಮನೆಯದಕ್ಕಿಂತ ಮೂರಿಂಚು ಹೆಚ್ಚೇ. ಹೊಸ ಕಾಲದ ಮನೆಗಳಲ್ಲವೇ, ಸೌಟೂ ಉದ್ದದ್ದು ಬೇಕಾದೀತು.

ಬಟಾಣಿ ಬಿಡಿಸುತ್ತ ಲೆಕ್ಕ ಹಾಕಿದೆ. ಶುಕ್ರವಾರ ನಕ್ಷೆಗಳನ್ನು ವರ್ಕ್‌ಶಾಪಿನವರು ನೋಡುತ್ತಾರೆ. ಶನಿವಾರ ಕೋಣೆ, ಪರದೆ, ಹೆಸರು. ತಪ್ಪಾಯಿತು ಎಂದು ಹೇಳಿದರೆ ಅಳತೆಯವನನ್ನು ಕಟ್ಟೆಯೊಳಗೆ ಹುಗಿದವಳು ಎಂಬ ಬಿರುದು ಬರುತ್ತದೆ, ಕೋಣೆ ಶಾರ್ಟ್‌ಕಟ್‌ನ ಪಾಲಾಗುತ್ತದೆ. ಹೇಳದಿದ್ದರೆ ತೊಂಬತ್ತಾರು ಅಡುಗೆಮನೆಗಳಲ್ಲಿ ತೊಂಬತ್ತಾರು ಹೆಂಗಸರು ಹಿಮ್ಮಡಿ ಎತ್ತುತ್ತಾರೆ. ಎಲ್ಲೋ ಒಂದಿಬ್ಬರು ಗಂಡಸರೂ ಇರಬಹುದು, ಇರಲಿ. ನಾನು ಮೂರನೆಯ ದಾರಿ ಹುಡುಕಿದೆ. ಹೇಳದೆಯೇ ಸರಿಮಾಡುವುದು. ಮನೆ ನಡೆಸುವ ಹೆಂಗಸಿಗೆ ಇದು ಹೊಸ ವಿದ್ಯೆಯಲ್ಲ. ಸೀದ ಅನ್ನದ ಮೇಲಿನ ಪದರವನ್ನು ತೆಗೆದು ಬಡಿಸಿದವಳೇ ನಾನು.

ಅಳತೆ ಟೇಪು ತಂದು ಅತ್ತೆಯನ್ನು ನಮ್ಮ ಕಟ್ಟೆಯ ಮುಂದೆ ನಿಲ್ಲಿಸಿದೆ. ಅವರು ನಾಲ್ಕಡಿ ಹತ್ತಿಂಚು.

"ಕೈ ಚಾಚಿ ಅತ್ತೆ. ಎಟಕೋದು ಎಲ್ಲೀವರೆಗೆ?"

"ಆರಾಮಾಗಿ ಚಾಚಲೋ, ಬೇಕೇಬೇಕು ಅಂತ ಚಾಚಲೋ?"

"ಆರಾಮಾಗಿ."

"ಹಾಗೆ ಕೇಳಿದೋಳು ನೀನೇ ಮೊದಲು" ಎಂದು ಕೈ ಚಾಚಿದರು. ಕಿಟಕಿಯ ಮೇಲೆ ಅವರ ಬೆರಳು ತಾಗಿದ ಜಾಗ ನೆಲದಿಂದ ಸರಿಯಾಗಿ ನಾಲ್ಕಡಿ.

ಗುರುವಾರ ಆಫೀಸಿಗೆ ಎಲ್ಲರಿಗಿಂತ ಮೊದಲು ಹೋದೆ. ಕಾಂಪೊನೆಂಟಿನ ಗುಣವೇ ಅದು, ಒಂದರಲ್ಲಿ ತಿದ್ದಿದರೆ ಎಲ್ಲದರಲ್ಲೂ ತಿದ್ದಿದ ಹಾಗೆ. ಹಿಡಿಕೆಯ ಸಾಲನ್ನು ತೆರೆದೆ. 'ನಟ್ಟನಡುವೆ ನಿಲ್ಲು' ಎಂಬುದನ್ನು ಅಳಿಸಿ, 'ಕಿಟಕಿ ಎಷ್ಟೇ ಎತ್ತರವಿರಲಿ, ನೀನು ನೆಲದಿಂದ ನಾಲ್ಕಡಿಯಲ್ಲಿ ನಿಲ್ಲು' ಎಂದು ಬರೆದೆ. ಒಂದು ಕೀಲಿ ಒತ್ತಿದೆ. ತೊಂಬತ್ತಾರು ಅಡುಗೆಮನೆಗಳಲ್ಲಿ ತೊಂಬತ್ತಾರು ಹಿಡಿಕೆಗಳು ಸರಸರನೆ ಕೆಳಗಿಳಿದವು. ಆಮೇಲೆ ಅಳತೆಯವನನ್ನು ಒಂದೊಂದೇ ಕಟ್ಟೆಯಿಂದ ಕಿತ್ತು ಅಳಿಸಿಹಾಕಿದೆ. ಸಾಕ್ಷಿ ಉಳಿಯಬಾರದಲ್ಲ. ಶಾರ್ಟ್‌ಕಟ್ ಬರುವ ಹೊತ್ತಿಗೆ ನಾನು ಮೇಜು ಒರೆಸುತ್ತ ಏನೂ ಅರಿಯದವಳ ಹಾಗೆ ಕೂತಿದ್ದೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ಎನ್ನುತ್ತಾರಲ್ಲ. ಅಡುಗೆಮನೆ ಸರಿಹೋದ ಖುಷಿಯಲ್ಲಿ ನಾನು ಬೇರೆ ಕೋಣೆಗಳನ್ನು ತೆರೆದು ನೋಡಲೇ ಇಲ್ಲ.

ಶುಕ್ರವಾರ ಮೀಟಿಂಗು. ಉದ್ದ ಮೇಜಿನ ಸುತ್ತ ದೊಡ್ಡವರು, ಶಾರ್ಟ್‌ಕಟ್, ಇನ್ನು ಮೂವರು ಆರ್ಕಿಟೆಕ್ಟರು, ವರ್ಕ್‌ಶಾಪಿನಿಂದ ಬಂದ ಕಿಟಕಿ ಮೇಸ್ತ್ರಿ, ನಾನು. ಗೋಡೆಯ ದೊಡ್ಡ ಪರದೆಯಲ್ಲಿ ಶಾರ್ಟ್‌ಕಟ್ ನಮ್ಮನ್ನೆಲ್ಲ ಆ ಮನೆಯೊಳಗೆ ನಡೆಸಿಕೊಂಡು ಹೊರಟ. ಬಾಗಿಲಿನಿಂದ ಹಾಲು, ಹಾಲಿನಿಂದ ಮಲಗುವ ಕೋಣೆ. ಅಡುಗೆಮನೆಯನ್ನು ಮೂರು ಸೆಕೆಂಡಿನಲ್ಲಿ ದಾಟಿದ. ಹಿಡಿಕೆ ಇಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಉಸಿರು ಬಿಟ್ಟೆ. ಅವನು ಬಚ್ಚಲಿಗೆ ಹೊಕ್ಕ.

ಬಚ್ಚಲಿನ ಗವಾಕ್ಷಿ ಆರಡಿ ಎತ್ತರದಲ್ಲಿ ಆರಂಭವಾಗುತ್ತದೆ. ಅದರ ಹಿಡಿಕೆ ಅದರಲ್ಲಿರಲಿಲ್ಲ. ಎರಡಡಿ ಕೆಳಗೆ, ಬೋಳು ಟೈಲ್ಸಿನ ಮೇಲೆ, ಕಿಟಕಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಒಂಟಿಯಾಗಿ ಅಂಟಿಕೊಂಡಿತ್ತು. ನೆಲದಿಂದ ಸರಿಯಾಗಿ ನಾಲ್ಕಡಿ. ನಾನು ಹೇಳಿದ ಮಾತನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದವರು ನನ್ನ ಜೀವಮಾನದಲ್ಲಿ ಬೇರೆ ಯಾರೂ ಇಲ್ಲ.

ಎಲ್ಲರ ಕತ್ತೂ ಪರದೆಯ ಕಡೆ ಚಾಚಿತು. ಆಮೇಲೆ ಒಬ್ಬ ಆರ್ಕಿಟೆಕ್ಟ್, "ಇದೇನು, ಟವೆಲ್ ಹಾಕೋಕಾ?" ಎಂದ.

"ಜಾರಿ ಬಿದ್ರೆ ಹಿಡ್ಕೊಳ್ಳೋಕಿರಬೇಕು" ಎಂದ ಇನ್ನೊಬ್ಬ.

"ಹಿಡಿಕೆ ಇಲ್ಲಿ ತಿರುಗಿಸಿದ್ರೆ ಕಿಟಕಿ ಪಕ್ಕದ ಮನೇಲಿ ತೆಗೆಯುತ್ತೆ."

ನಗು ಮೇಜಿನ ಸುತ್ತ ಒಂದು ಸುತ್ತು ಹಾಕಿತು. ಮನೆಗೆ ಎರಡು ಬಚ್ಚಲು, ಒಟ್ಟು ನೂರ ತೊಂಬತ್ತೆರಡು ಹಿಡಿಕೆಗಳು ಗೋಡೆಯಲ್ಲಿ. ನಾನೂ ನಕ್ಕೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಮುಂದಿದ್ದ ಲ್ಯಾಪ್‌ಟಾಪಿನ ಮೌಸಿನ ಮೇಲೆ ಹೋಯಿತು.

ದೊಡ್ಡವರು ನಗಲಿಲ್ಲ. "ಹೋದ ವಾರ ನೋಡಿದಾಗ ಇದು ಸರಿಯಿತ್ತಲ್ಲ?"

ಆಗ ಶಾರ್ಟ್‌ಕಟ್ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಕುಹಕವಿರಲಿಲ್ಲ, ಅದೇ ತೊಂದರೆ. ಕರುಣೆಯಿತ್ತು. "ಸಾಫ್ಟ್‌ವೇರ್ ಎಡವಟ್ಟು ಸರ್. ಒಂದೊಂದ್ಸಲ ಹೀಗಾಗುತ್ತೆ. ಬುಧವಾರದ ಕಾಪಿ ನನ್ನ ಹತ್ರ ಇದೆ, ಅದನ್ನೇ ಹಾಕಿಬಿಡ್ತೀನಿ. ಎರಡು ನಿಮಿಷ" ಎಂದ.

ಬುಧವಾರದ ಕಾಪಿ. ಅದರಲ್ಲಿ ಬಚ್ಚಲಿನ ಹಿಡಿಕೆ ಗವಾಕ್ಷಿಯಲ್ಲೇ ಇರುತ್ತದೆ. ನನ್ನ ಮಾನ, ಕೋಣೆ, ಪರದೆ ಎಲ್ಲ ನನ್ನ ಹತ್ತಿರವೇ ಇರುತ್ತದೆ. ಅಡುಗೆಮನೆಯ ಹಿಡಿಕೆ ಮಾತ್ರ ಐದೂಮುಕ್ಕಾಲು ಅಡಿಗೆ ಮತ್ತೆ ಹತ್ತಿ ಕೂರುತ್ತದೆ. ಹೂಂ ಎಂದು ತಲೆಯಾಡಿಸಿದರೆ ಸಾಕಿತ್ತು. ತಲೆಯಾಡಿಸಿದೆ ಕೂಡ, ಸುಳ್ಳು ಹೇಳಬಾರದು. ಅವನ ಬೆರಳು ಕೀಲಿಯ ಕಡೆ ಹೋಗುತ್ತಿತ್ತು. ನನ್ನ ಕಣ್ಣಿಗೆ ಮಾತ್ರ ಆರಾಮಾಗಿ ಚಾಚಿದ ಅತ್ತೆಯ ಆ ಕೈ ಕಂಡಿತು.

"ಬೇಡ, ಹಾಕಬೇಡ" ಎಂದೆ. ಬೇಕಾದ್ದಕ್ಕಿಂತ ಜೋರಾಗಿ ಬಂತು. ಮೇಸ್ತ್ರಿ ಚಹಾ ಲೋಟ ಕೆಳಗಿಟ್ಟರು.

ಎಲ್ಲ ಹೇಳಿದೆ. ಹಿಡಿಕೆಯನ್ನು ನಡುವೆ ನಿಲ್ಲಿಸಿದ್ದು, ಅಳತೆಯವನನ್ನು ಕಟ್ಟೆಯೊಳಗೆ ಹುಗಿದಿದ್ದು, ಅತ್ತೆ ಕಂಡುಹಿಡಿದದ್ದು, ಗುರುವಾರ ಕದ್ದು ಬಂದು ತಿದ್ದಿದ್ದು, ಸಾಕ್ಷಿ ಅಳಿಸಿದ್ದು. ಹೇಳುತ್ತ ಹೇಳುತ್ತ ಸೌಟಿನ ಕಥೆಯೂ ಹೊರಬಿತ್ತು. ಹನ್ನೊಂದು ವರ್ಷ ಕಿಟಕಿ ಮಾಡಿದವಳು ತನ್ನ ಮನೆಯ ಕಿಟಕಿಯನ್ನು ಸೌಟಿನಿಂದ ತೆಗೆಯುತ್ತಾಳೆ ಎಂದಾಗ ಈ ಸಲದ ನಗು ಎರಡು ಸುತ್ತು ಹಾಕಿತು.

ನಗು ನಿಲ್ಲಲೆಂದು ಕಾದು, "ನಿಮ್ಮನಿಮ್ಮ ಮನೇಲಿ ಅಡುಗೆಮನೆ ಕಿಟಕಿ ಹೇಗೆ ತೆಗೀತಾರೆ?" ಎಂದು ಕೇಳಿದೆ.

ಯಾರಿಗೂ ಗೊತ್ತಿರಲಿಲ್ಲ. "ನಮ್ಮನೇದು ಯಾವಾಗ್ಲೂ ತೆಗೆದೇ ಇರುತ್ತಪ್ಪ" ಎಂದ ಟವೆಲಿನವನು. "ಮುಚ್ಚೇ ಇರುತ್ತೆ" ಎಂದ ಇನ್ನೊಬ್ಬ. ಶಾರ್ಟ್‌ಕಟ್, "ನಮ್ಮನೇಲಿ ಕಿಟಕಿ ಇದೆಯಾ?" ಎಂದು ತನ್ನನ್ನೇ ಕೇಳಿಕೊಂಡ.

ಉತ್ತರ ಬಂದದ್ದು ಮೇಸ್ತ್ರಿಯಿಂದ. "ಹೆಚ್ಚಾಗಿ ಲಟ್ಟಣಿಗೆ ಮೇಡಂ" ಎಂದರು. "ಕೆಲವರು ಸ್ಟೂಲ್ ಹತ್ತುತಾರೆ. ರಿಪೇರಿಗೆ ಹೋದಾಗ ನೋಡ್ತೀನಲ್ಲ, ಹಿಡಿಕೆ ತುಂಬ ಹಿಟ್ಟು ಮೆತ್ತಿರುತ್ತೆ. ಇಕ್ಕಳದಿಂದ ತೆಗೆಯೋರೂ ಇದ್ದಾರೆ. ಸೌಟು ಒಳ್ಳೇದು, ಬಣ್ಣ ಕೀಳಲ್ಲ."

ದೊಡ್ಡವರು ಅವರ ಕಡೆ ತಿರುಗಿದರು. "ಗೊತ್ತಿದ್ದೂ ಇಷ್ಟು ವರ್ಷ ಹೇಳಲಿಲ್ವಲ್ಲ?"

"ನೀವು ಗುರುತು ಹಾಕಿದ ಜಾಗದಲ್ಲಿ ತೂತು ಕೊರೆಯೋದು ನಮ್ಮ ಕೆಲಸ ಸರ್. ಕೇಳಿದ್ರೆ ಹೇಳ್ತಿದ್ದೆ."

ದೊಡ್ಡವರು ಮೊಬೈಲ್ ತೆಗೆದುಕೊಂಡು ಎದ್ದು ಹೊರಗಿನ ಮೊಗಸಾಲೆಗೆ ಹೋದರು. ಗಾಜಿನ ಬಾಗಿಲಿನ ಆಚೆ ಅವರು ಕಿವಿಗೆ ಫೋನು ಹಿಡಿದು ನಿಂತದ್ದು ಕಾಣುತ್ತಿತ್ತು. ಮೊದಲು ಅವರೇ ಏನೋ ಕೇಳಿದರು. ಆಮೇಲೆ ಬಹಳ ಹೊತ್ತು ಅವರ ಬಾಯಿ ಅಲ್ಲಾಡಲಿಲ್ಲ. ಅವರ ಮನೆಯ ನಕ್ಷೆ ಮಾಡಿದ್ದು ಅವರೇ. ಒಳಗೆ ಬಂದಾಗ ಕಿವಿ ಕೆಂಪಾಗಿತ್ತು.

"ಅಡುಗೆಮನೇದು ಕೆಳಗೇ ಇರಲಿ" ಎಂದು ಕೂತರು.

ಮೇಸ್ತ್ರಿಗೆ ಇದರಿಂದ ಏನೂ ಆಗಬೇಕಾಗಿರಲಿಲ್ಲ. "ತೂತು ಎಲ್ಲಿ ಕೊರೆದರೂ ಅದೇ ಡ್ರಿಲ್ಲು ಸರ್" ಎಂದರು. ಬಚ್ಚಲಿನ ಹಿಡಿಕೆಯನ್ನು ಗವಾಕ್ಷಿಗೆ ಹಿಂದಿರುಗಿಸಲು ನನಗೆ ಹತ್ತು ನಿಮಿಷ ಹಿಡಿಯಿತು. ನಾಲ್ಕಡಿಯಲ್ಲಿ ಕಿಟಕಿ ಇದ್ದರೆ ಅಲ್ಲಿ ನಿಲ್ಲು, ಇಲ್ಲದಿದ್ದರೆ ಕಿಟಕಿ ಆರಂಭವಾಗುವ ಕಡೆ ನಿಲ್ಲು ಎಂದು ಒಂದೇ ಒಂದು 'ಇಲ್ಲದಿದ್ದರೆ' ಸೇರಿಸಬೇಕಾಗಿತ್ತು, ಅಷ್ಟೆ. ಮನೆಯಲ್ಲಿ ದಿನಕ್ಕೆ ನೂರು 'ಇಲ್ಲದಿದ್ದರೆ'ಗಳನ್ನು ತಲೆಯಲ್ಲಿಟ್ಟುಕೊಂಡು ಓಡಾಡುವವಳು ನಾನು. ಹಾಲು ಬಂದರೆ ಸರಿ, ಇಲ್ಲದಿದ್ದರೆ. ಇವರು ಬೇಗ ಬಂದರೆ ಸರಿ, ಇಲ್ಲದಿದ್ದರೆ. ಕಿಟಕಿಯ ಹತ್ತಿರ ಬರುವಾಗ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ಶನಿವಾರ ಕೋಣೆ ಶಾರ್ಟ್‌ಕಟ್‌ನದಾಯಿತು. "ತಪ್ಪು ಕಂಡುಹಿಡಿಯೋ ಕಣ್ಣು ಬೇಕು ಈ ಜಾಗಕ್ಕೆ" ಎಂದರು ದೊಡ್ಡವರು. ಕದ್ದು ತಿದ್ದಿದ್ದು ತಮಗೆ ಹಿಡಿಸಲಿಲ್ಲ ಎಂದೂ ಹೇಳಿದರು, ಅದು ನ್ಯಾಯವೇ. ತಪ್ಪು ಕಂಡುಹಿಡಿದ ಕಣ್ಣು ಅತ್ತೆಯದು, ಅವರಿಗೇ ಕೋಣೆ ಕೊಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹಾಗೆಂದು ನನಗೆ ಸಂಕಟವೇ ಆಗಲಿಲ್ಲ ಎಂದರೆ ನಂಬಬೇಡಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನ ಬಾಗಿಲಿಗೆ ಹೆಸರು ಅಂಟಿಸುವಾಗ ಅಕ್ಷರ ಓರೆಯಾಗಿದೆಯೇ ಎಂದು ನೋಡಲು ನನ್ನನ್ನೇ ಕರೆದರು. ಓರೆಯಾಗಿತ್ತು. ಸರಿಯಾಗಿದೆ ಎಂದೆ. ಅಷ್ಟಾದರೂ ಸುಖ ಇರಲಿ.

ಮುಖ್ಯಸ್ಥನಾದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ನನ್ನ ಮೇಜಿಗೆ ಬಂದದ್ದು.

"ಅಕ್ಕಾ, ನಿಮ್ಮತ್ತೆ ಅಳತೆ ಬೇಕಿತ್ತು."

"ಯಾಕೆ, ಬಟ್ಟೆ ಹೊಲಿಸ್ತೀಯಾ?"

"ಗೊಂಬೆ ಮಾಡಿಕೊಡಿ. ಲೈಬ್ರರಿಗೆ."

ಮಾಡಿಕೊಟ್ಟೆ. ನಾಲ್ಕಡಿ ಹತ್ತಿಂಚು, ಕನ್ನಡಕ, ಆರಾಮಾಗಿ ಚಾಚಿದ ಕೈ. ಜೊತೆಗೆ ಒಂದು ಸಾಲು ಬರೆದೆ. ಈ ಗೊಂಬೆಯನ್ನು ಯಾರು ಎಷ್ಟೇ ಎಳೆದರೂ ಅದು ಕಟ್ಟೆಯ ಅಂಚಿನಲ್ಲಿ ನಿಂತುಬಿಡುತ್ತದೆ, ಒಳಗೆ ಹೋಗುವುದಿಲ್ಲ. ಅದಕ್ಕೆ 'ಅತ್ತೆ' ಎಂದೇ ಹೆಸರಿಟ್ಟಿದ್ದಾರೆ. ಈಗ ನಮ್ಮ ಆಫೀಸಿನಲ್ಲಿ ಯಾವ ಅಡುಗೆಮನೆಯ ನಕ್ಷೆ ಬಂದರೂ, "ಅತ್ತೆ ನಿಲ್ಲಿಸಿ ನೋಡಿದ್ಯಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಮದುವೆಯಾಗದ ಹುಡುಗರೂ ಕೇಳುತ್ತಾರೆ.

ಕೋಣೆ ಹೋದ ಸುದ್ದಿಯನ್ನು ಪರದೆಯ ಬಣ್ಣದ ಸಮೇತ ಮನೆಯಲ್ಲಿ ಹೇಳಿದಾಗ ಅತ್ತೆ, "ಆ ಕೋಣೆಗೆ ಕಿಟಕಿ ಇತ್ತಾ?" ಎಂದು ಕೇಳಿದರು.

ಯೋಚಿಸಿದೆ. "ಇಲ್ಲ ಅತ್ತೆ."

"ಮತ್ತೆ ಪರದೆ ಎಲ್ಲಿಗೆ ಹಾಕ್ತಿದ್ದೆ?"

ನಮ್ಮವರು ಸೋಫಾದಿಂದಲೇ, "ನಮ್ಮ ಕಿಟಕಿ ಅಷ್ಟೇನೂ ಎತ್ತರ ಇಲ್ಲಮ್ಮ. ನನಗೆ ಎಟಕುತ್ತಲ್ಲ" ಎಂದರು.

"ಬಾರೋ ಇಲ್ಲಿ, ತೆಗೆದು ತೋರಿಸು" ಎಂದರು ಅತ್ತೆ.

ಬಂದರು. ಕಟ್ಟೆಗೆ ಹೊಟ್ಟೆ ಒತ್ತಿದರು, ಕೈ ಚಾಚಿದರು. ಹೊಟ್ಟೆ ಅಡ್ಡ ಬಂತು. ಹಿಮ್ಮಡಿ ಎತ್ತಿದರು, ಬೆರಳು ಹಿಡಿಕೆಯನ್ನು ಸವರಿ ಜಾರಿತು. ಮೂರನೆಯ ಸಲ ಮಂಡಿಯನ್ನೇ ಎತ್ತಿ ಕಟ್ಟೆಯ ಮೇಲಿಡಲು ಹೋದರು. ಅತ್ತೆ ಅವರ ಕೈಗೆ ಉದ್ದ ಸೌಟು ಕೊಟ್ಟರು. ಹದಿಮೂರು ವರ್ಷದ ಹಿಂದೆ ನನಗೆ ಕೊಟ್ಟ ಹಾಗೆಯೇ.

ಭಾನುವಾರ ಕಿಟಕಿ ಮೇಸ್ತ್ರಿ ತಾವಾಗಿಯೇ ಡ್ರಿಲ್ ತಂದು ನಮ್ಮ ಹಿಡಿಕೆಯನ್ನು ನಾಲ್ಕಡಿಗೆ ಇಳಿಸಿಕೊಟ್ಟರು. ನಮ್ಮವರು ಪಕ್ಕದಲ್ಲಿ ನಿಂತು, ಇಲ್ಲಿ ಕೊರೀರಿ, ಸ್ವಲ್ಪ ಎಡಕ್ಕೆ, ಎಂದು ಮೇಲ್ವಿಚಾರಣೆ ಮಾಡಿದರು. ಮೇಸ್ತ್ರಿ ಹೋದ ಮೇಲೆ ನೋಡಿದರೆ ಕಟ್ಟೆಯ ಉದ್ದಕ್ಕೂ ಲೋಹದ ಪುಡಿ. ಒಲೆಯ ಮೇಲೆ, ಸಿಂಕಿನಲ್ಲಿ, ಮುಚ್ಚದ ಉಪ್ಪಿನ ಡಬ್ಬಿಯಲ್ಲಿ. "ಆಯ್ತಲ್ಲ, ಇನ್ನು ಸೌಟು ಬೇಡ" ಎಂದು ಅವರು ಕೈ ಕೊಡವಿ ಹೊರಟರು. ನನ್ನ ಕೈ ಅಭ್ಯಾಸಬಲದಿಂದ ಒರೆಸುವ ಬಟ್ಟೆಯ ಕಡೆ ಹೋಯಿತು.

ನನಗಿಂತ ಮೊದಲು ಅತ್ತೆ ಬಟ್ಟೆ ಎತ್ತಿಕೊಂಡರು. ಮಗನ ಹೆಗಲ ಮೇಲೆ ಹಾಕಿದರು.

"ಕಟ್ಟೆ ಒರೆಸು" ಎಂದರು. "ಮುಂದೆ ನಿಂತ್ಕೊಂಡು. ಒಳಗಲ್ಲ."